ಮುನ್ನೂರು ರೂಪಾಯಿ, ನಾಲ್ಕು ಭಾನುವಾರ, ಒಂದು ಪುಟ ಕಡಿಮೆ

ಹೋಟೆಲ್ಲು, ಮಿಕ್ಸಿ, ಗೀಸರ್ ಎಲ್ಲದರ ಬಗ್ಗೆಯೂ ಜನ ವಿಮರ್ಶೆ ಬರೆಯುತ್ತಾರೆ. ನಾನು ಒಂದು ತರಗತಿಯ ಬಗ್ಗೆ ಬರೆಯುತ್ತಿದ್ದೇನೆ. ದುಡ್ಡು ಕೊಟ್ಟು ಹೋಗಿದ್ದೆ, ಹಾಗಾಗಿ ಬರೆಯಬಹುದು ಅಲ್ವಾ? ಹಾಸನದಲ್ಲಿ ಒಂದು ಚರ್ಚ್ ಹಾಲ್‌ನಲ್ಲಿ ನಡೆಯಿತು. ವಿಷಯ, ಕ್ರೈಸ್ತರು ಯುದ್ಧಕ್ಕೆ ಹೋಗಬಹುದಾ ಅಥವಾ ಹೋಗಬಾರದಾ. ನಾಲ್ಕು ಭಾನುವಾರ, ಸಂಜೆ ನಾಲ್ಕರಿಂದ ಆರು, ತಲೆಗೆ 300 ರೂಪಾಯಿ, ಅದರಲ್ಲೇ ನೋಟ್ಸು ಮತ್ತು ಕಾಫಿ. ಹಾಲ್ ಹೆಸರು, ಪಾಠ ಮಾಡಿದವರ ಹೆಸರು ಹಾಕುವುದಿಲ್ಲ. ಒಂದೆರಡು ಬೈಗುಳ ಇದೆ, ಮತ್ತೆ ಪ್ರತಿ ಭಾನುವಾರ ಅವೇ ಮುಖಗಳನ್ನು ನೋಡಬೇಕು.

ನಾನು ಇಂಥದ್ದರಲ್ಲಿ ಆಸಕ್ತಿ ಇದ್ದವನೇನಲ್ಲ. ಅಕ್ಕನ ಮಗನಿಗೆ ಅಗ್ನಿವೀರ್ ಆಯ್ಕೆ ಆಯಿತು. ಒಂದೂವರೆ ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಸ್ಟೇಡಿಯಂನಲ್ಲಿ ಓಡಿದ್ದ ಹುಡುಗ. ಅಕ್ಕ ಬೀದಿಗೆಲ್ಲಾ ಲಾಡು ಹಂಚಿದಳು. ಮೂರು ದಿನ ಆದಮೇಲೆ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ, 'ಕೊಲೆ ಮಾಡಬೇಡ ಅಂತ ನಾನೇ ಅವನಿಗೆ ಬಾಯಿಪಾಠ ಮಾಡಿಸಿದ್ದು ಕಣೋ, ಈಗ ನಾನೇ ಟ್ರಂಕ್ ತುಂಬಿ ಕಳಿಸ್ತಾ ಇದೀನಿ, ಇದು ಹೆಂಗೆ?' ಅಂದಳು. ಉತ್ತರ ಗೊತ್ತಿರಲಿಲ್ಲ. ದೇಶ ಕಾಯೋದು ಒಳ್ಳೇದಲ್ವಾ ಮಲಗು ಅಂದೆ. ಆ ವಾರವೇ ಚರ್ಚ್ ಬೋರ್ಡಿನಲ್ಲಿ ಈ ತರಗತಿಯ ಚೀಟಿ ಅಂಟಿಸಿದ್ದರು.

ಮೊದಲು ವ್ಯವಸ್ಥೆ ಹೇಳಿಬಿಡುತ್ತೇನೆ. ಶೀಟ್ ಛಾವಣಿ. ಮಳೆ ಬಂದರೆ ಒಂದಕ್ಷರ ಕೇಳಿಸುವುದಿಲ್ಲ, ಎರಡನೇ ಭಾನುವಾರ ಅರ್ಧ ಗಂಟೆ ಎಲ್ಲರೂ ಸುಮ್ನೆ ಮುಖ ಮುಖ ನೋಡಿಕೊಂಡು ಕೂತಿದ್ದೆವು. ಮೈಕ್ ಇತ್ತು, ಬ್ಯಾಟರಿ ಇರಲಿಲ್ಲ. ಕಾಫಿ ಬಗ್ಗೆ ಹೇಳಲೇಬೇಕು. ಸಕಲೇಶಪುರವನ್ನು ಮಗ್ಗುಲಲ್ಲಿ ಇಟ್ಟುಕೊಂಡ ಊರಿನಲ್ಲಿ ಇಂಥ ನೀರುಕಾಫಿ ಕೊಡುವುದಕ್ಕೆ ಧೈರ್ಯ ಬೇಕು. ಜೊತೆಗೆ ಕೊಟ್ಟ ಉಪ್ಪಿಟ್ಟು ಮಾತ್ರ ಚೆನ್ನಾಗಿತ್ತು, ಮಾಡಿದ ಆಂಟಿಗೆ ನಮಸ್ಕಾರ. ಸುಮಾರು ಮೂವತ್ತು ಜನ ಇದ್ದೆವು, ಕ್ಯಾಥೋಲಿಕರು, ಪ್ರಾಟೆಸ್ಟೆಂಟರು ಎಲ್ಲ ಸೇರಿ. ಅದೇ ಒಂದು ದೊಡ್ಡ ವಿಷಯ.

ಪಾಠ ಮಾಡಿದವರು ರಿಟೈರ್ಡ್ ಇತಿಹಾಸ ಲೆಕ್ಚರರ್. ಮೇಷ್ಟ್ರು ಅಂತಲೇ ಕರೆಯುತ್ತೇನೆ. ಮೆತ್ತಗಿನ ದನಿ, ಆದರೆ ಓದಿಕೊಂಡವರು. ಪ್ರಶ್ನೆ ಕೇಳಿದರೆ ಸಿಟ್ಟಾಗುವುದಿಲ್ಲ, ಕನ್ನಡಕ ತೆಗೆದು ಒರೆಸುತ್ತಾರೆ. ಕನ್ನಡಕ ಒರೆಸಿದರು ಅಂದರೆ ಒಳ್ಳೇ ಉತ್ತರ ಬರುತ್ತದೆ ಅಂತ ಎರಡನೇ ವಾರದ ಹೊತ್ತಿಗೆ ನಮಗೆಲ್ಲ ಗೊತ್ತಾಗಿತ್ತು.

ಮೊದಲ ವಾರ ಬೈಬಲ್. ಶುರುವಾಗಿ ಹತ್ತು ನಿಮಿಷಕ್ಕೇ ಜಗಳ, ಅದೂ ಯುದ್ಧದ ಬಗ್ಗೆ ಅಲ್ಲ. 'ಕೊಲೆ ಮಾಡಬೇಡ' ಅನ್ನುವುದು ಎಷ್ಟನೇ ಕಟ್ಟಳೆ ಅಂತ! ನಮ್ಮ ಕ್ಯಾಥೋಲಿಕ್ ಲೆಕ್ಕದಲ್ಲಿ ಅದು ಐದನೇದು, ಪ್ರಾಟೆಸ್ಟೆಂಟರ ಲೆಕ್ಕದಲ್ಲಿ ಆರನೇದು. ಎರಡೂ ಸರಿ, ಎಣಿಸುವ ಕ್ರಮ ಬೇರೆ ಅಷ್ಟೇ ಅಂತ ಮೇಷ್ಟ್ರು ಸಮಾಧಾನ ಮಾಡುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಆಮೇಲೆ ಎರಡೂ ಕಡೆಯ ವಚನಗಳನ್ನು ಬೋರ್ಡ್ ಮೇಲೆ ಬರೆದರು. ಒಂದು ಕಡೆ ಮತ್ತಾಯ 5, ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದು ಕೆನ್ನೆ ತೋರಿಸುವುದು, ವೈರಿಗಳನ್ನು ಪ್ರೀತಿಸುವುದು. ಮತ್ತಾಯ 26, ಯೇಸು ಸ್ವಾಮಿಯನ್ನು ಹಿಡಿಯಲು ಬಂದಾಗ ಶಿಷ್ಯನೊಬ್ಬ ಕತ್ತಿ ಎತ್ತಿದ, ಸ್ವಾಮಿ ಅದನ್ನು ಒಳಗಿಡಿಸಿದರು. ಇನ್ನೊಂದು ಕಡೆ ಲೂಕ 3. ಸ್ನಾನಿಕ ಯೋಹಾನನ ಹತ್ತಿರ ಸಿಪಾಯಿಗಳು ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಅವನು ಕೆಲಸ ಬಿಡಿ ಅನ್ನುವುದಿಲ್ಲ. ಜನರನ್ನು ಹೆದರಿಸಿ ಸುಲಿಗೆ ಮಾಡಬೇಡಿ, ಬರುವ ಸಂಬಳದಲ್ಲಿ ಬದುಕಿ ಅನ್ನುತ್ತಾನೆ. ರೋಮನ್ ಶತಾಧಿಪತಿಯ ನಂಬಿಕೆಯನ್ನು ಸ್ವಾಮಿ ಹೊಗಳಿದರು, ಅವನಿಗೂ ಕೆಲಸ ಬಿಡು ಅನ್ನಲಿಲ್ಲ. ಪೌಲ ರೋಮನ್ನರಿಗೆ ಬರೆದ ಪತ್ರ 13ರಲ್ಲಿ, ಆಳುವವನ ಕೈಯಲ್ಲಿ ಕತ್ತಿ ಇರುವುದು ಸುಮ್ಮನೆ ಅಲ್ಲ ಅಂತಿದೆ. ಅದರ ಹಿಂದಿನ ಅಧ್ಯಾಯದಲ್ಲೇ, ಅದೇ ಪೌಲ, ವೈರಿಗೆ ಹಸಿವಾದರೆ ಊಟ ಹಾಕು ಅಂತಾನೆ. ಎರಡೂ ಒಂದೇ ಪತ್ರದಲ್ಲಿದೆ, ಪುಟ ತಿರುಗಿಸುವಷ್ಟು ದೂರ. ನನಗೆ ಬೇಕಾದ ವಚನ ನನಗೆ, ನಿಮಗೆ ಬೇಕಾದ್ದು ನಿಮಗೆ. ಮನೆಗೆ ಹೋಗುವಾಗ ತಲೆ ಮೊದಲಿಗಿಂತ ಜಾಸ್ತಿ ಕೆಟ್ಟಿತ್ತು.

ಎರಡನೇ ವಾರಕ್ಕೆ ಕೊಟ್ಟ ದುಡ್ಡು ವಸೂಲಾಗಲು ಶುರುವಾಯಿತು. ಮೊದಲ ಮುನ್ನೂರು ವರ್ಷದ ಕ್ರೈಸ್ತರ ಕಥೆ. ಆಗಿನ ದೊಡ್ಡ ದೊಡ್ಡ ಬರಹಗಾರರಲ್ಲಿ ಹೆಚ್ಚಿನವರು ಸೈನ್ಯ ಬೇಡ ಅಂದವರೇ. ಯೇಸು ಸ್ವಾಮಿ ತಮ್ಮ ಶಿಷ್ಯ ಪೇತ್ರನ ಕತ್ತಿ ಕೆಳಗಿಡಿಸಿದಾಗಲೇ ಎಲ್ಲ ಸಿಪಾಯಿಗಳ ಸೊಂಟದ ಪಟ್ಟಿ ಬಿಚ್ಚಿದ ಹಾಗಾಯಿತು ಅಂತ ಅವರಲ್ಲೊಬ್ಬ, ತೆರ್ತುಲ್ಲಿಯನ್, ಬರೆದ. ಮೇಷ್ಟ್ರ ಪ್ರಾಮಾಣಿಕತೆ ನೋಡಿ, ಅದೇ ತೆರ್ತುಲ್ಲಿಯನ್ ಇನ್ನೊಂದು ಕಡೆ, ನಿಮ್ಮ ಸೈನ್ಯದಲ್ಲೂ ನಮ್ಮವರು ಇದ್ದಾರೆ ಅಂತ ರೋಮನ್ನರಿಗೆ ಹೇಳಿದ್ದನ್ನೂ ಅವರೇ ಹೇಳಿದರು. ಅಂದರೆ ಆಗಲೂ ಬೇಡ ಅನ್ನುವವರು ಅನ್ನುತ್ತಿದ್ದರು, ಹೋಗುವವರು ಹೋಗುತ್ತಿದ್ದರು.

ಅವತ್ತು ಮಾಕ್ಸಿಮಿಲಿಯನ್ ಅನ್ನುವ ಹುಡುಗನ ಕಥೆ ಹೇಳಿದರು. ಇಸವಿ 295, ಉತ್ತರ ಆಫ್ರಿಕಾ. ಸೈನ್ಯಕ್ಕೆ ಸೇರಿಸಲು ಎತ್ತರ ಅಳೆಯಲು ನಿಲ್ಲಿಸಿದ್ದಾರೆ, ಇವನು ನಾನು ಕ್ರೈಸ್ತ, ಆಗಲ್ಲ ಅಂತಾನೆ. ಅಧಿಕಾರಿ ಕೇಳುತ್ತಾನೆ, ಚಕ್ರವರ್ತಿಗಳ ಕಾವಲಿನಲ್ಲೇ ಕ್ರೈಸ್ತರು ಇದ್ದಾರಲ್ಲ? ಅದು ಅವರಿಗೆ ಬಿಟ್ಟಿದ್ದು ಅಂತಾನೆ ಹುಡುಗ. ತಲೆ ಕಡಿಯಲು ಕರೆದುಕೊಂಡು ಹೋಗುವಾಗ ಅಪ್ಪನಿಗೆ ಹೇಳಿದ ಮಾತು ಇನ್ನೂ ನೆನಪಿದೆ. ಸೈನ್ಯಕ್ಕೆ ಅಂತ ನನಗೆ ಹೊಲಿಸಿಟ್ಟಿದ್ದೀಯಲ್ಲ ಹೊಸ ಬಟ್ಟೆ, ಅದನ್ನು ಈ ತಲೆ ಕಡಿಯುವವನಿಗೆ ಕೊಟ್ಟುಬಿಡು. ಅವನಿಗೆ ಇಪ್ಪತ್ತೊಂದು ವರ್ಷ. ಅಕ್ಕ ಅವತ್ತು ಬೆಳಗ್ಗೆ ತಾನೇ ಮಗನಿಗೆ ಆರು ಬನಿಯನ್, ಎರಡು ಟವೆಲ್ ತಂದು, ಹೆಸರಿನ ಮೊದಲಕ್ಷರ ಕೆಂಪು ದಾರದಲ್ಲಿ ಹಾಕುತ್ತಾ ಕೂತಿದ್ದಳು. ಈ ಕಥೆ ಅವಳಿಗೆ ಹೇಳಲಿಲ್ಲ.

ಈಗ ದೂರು. ನೋಟ್ಸು ಮೂವತ್ತೆರಡು ಪುಟ, ಒಂದೇ ಮಗ್ಗುಲಿಗೆ ಜೆರಾಕ್ಸ್, ಸ್ಪೈರಲ್ ಬೈಂಡಿಂಗ್. ಮಳೆಯಿಂದ ಟೈಮ್ ಹೋಗಿದ್ದಕ್ಕೆ ಮೇಷ್ಟ್ರು, 14ನೇ ಪುಟ ಮನೆಯಲ್ಲಿ ಓದಿಕೊಳ್ಳಿ, ಮುಖ್ಯವಾದದ್ದು ಅಂದರು. ರಾತ್ರಿ ತೆಗೆದು ನೋಡಿದರೆ 13 ಆದಮೇಲೆ ಸೀದಾ 15. ಹದಿಮೂರನೇ ಪುಟದ ಕೊನೇ ಸಾಲು, 'ಸಂತ ಬೆಸಿಲ್ ಮಾತ್ರ ಬೇರೆ ರೀತಿ ಯೋಚಿಸಿದರು, ಅವರ ಪ್ರಕಾರ'. ಹದಿನೈದನೇ ಪುಟದ ಮೊದಲ ಸಾಲಿಗೆ 1095ನೇ ಇಸವಿ ಬಂದು, ಪೋಪ್ ಎರಡನೇ ಅರ್ಬನ್ ಜೆರುಸಲೇಮಿಗೆ ಸೈನ್ಯ ಹೊರಡಿಸುತ್ತಿದ್ದಾರೆ. ಮಧ್ಯೆ ಏಳು ನೂರು ವರ್ಷ ಜೆರಾಕ್ಸ್ ಅಂಗಡಿಯಲ್ಲೇ ಉಳಿದುಹೋಗಿದೆ. ನನ್ನದೊಂದೇ ಅಲ್ಲ, ಎಲ್ಲರದ್ದೂ ಹಾಗೇ. ದುಡ್ಡು ತೆಗೆದುಕೊಂಡವರು ಒಂದು ಸಲ ಪುಟ ಎಣಿಸಬಾರದಾ?

ಮೂರನೇ ವಾರ 'ನ್ಯಾಯಯುತ ಯುದ್ಧ'. ಇಡೀ ಕೋರ್ಸಿನಲ್ಲಿ ಬೇಜಾರಾದ ಭಾಗ ಇದೇ. ಸಂತ ಅಗಸ್ಟಿನ್, ಆಮೇಲೆ ತೋಮಸ್ ಅಕ್ವಿನಾಸ್‌ರ ಮೂರು ಷರತ್ತು: ಯುದ್ಧ ಸಾರುವವನಿಗೆ ಅಧಿಕಾರ ಇರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಸರಿ ಇರಬೇಕು. ಆಮೇಲೆ 1992ರ ಕ್ಯಾಥೋಲಿಕ್ ಧರ್ಮೋಪದೇಶ ಗ್ರಂಥದ ಷರತ್ತುಗಳು. ಎದುರಾಳಿ ಮಾಡುವ ಹಾನಿ ದೊಡ್ಡದು, ಖಚಿತ ಅಂತ ಗೊತ್ತಿರಬೇಕು, ಬೇರೆ ದಾರಿ ಎಲ್ಲ ಮುಗಿದಿರಬೇಕು, ಗೆಲ್ಲುವ ಭರವಸೆ ಇರಬೇಕು, ಮದ್ದು ರೋಗಕ್ಕಿಂತ ಕೆಟ್ಟದಾಗಬಾರದು. ಮೇಷ್ಟ್ರು ಇದನ್ನು ರೇಷನ್ ಕಾರ್ಡಿಗೆ ಬೇಕಾದ ದಾಖಲೆಗಳ ಪಟ್ಟಿ ಓದಿದ ಹಾಗೆ ಓದಿದರು. ಎಲ್ಲ ಇದೆಯಾ? ಇದ್ದರೆ ಸಹಿ ಹಾಕಿ ಯುದ್ಧ ಮಂಜೂರು. ಪೋಪ್ ಫ್ರಾನ್ಸಿಸ್ 2020ರಲ್ಲಿ, ಈಗಿನ ಆಯುಧಗಳ ಕಾಲದಲ್ಲಿ ಹಳೇ ಷರತ್ತು ಹಿಡಿದು ಯಾವ ಯುದ್ಧವನ್ನೂ ನ್ಯಾಯ ಅನ್ನುವುದು ಬಹಳ ಕಷ್ಟ ಅಂತ ಬರೆದದ್ದನ್ನೂ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟರು. ಅಲ್ಲಿ ನಿಲ್ಲಬೇಕಿತ್ತು ಅನ್ನಿಸಿತು.

ನನ್ನ ತಕರಾರು ಇಷ್ಟು. ಈ ಷರತ್ತು ಎಲ್ಲ ನೋಡಬೇಕಾದವರು ಆಳುವವರು, ಧರ್ಮೋಪದೇಶವೂ ಹಾಗೇ ಹೇಳುತ್ತದೆ. ನಮ್ಮ ಹುಡುಗ ಯಾವುದನ್ನು ನೋಡಬೇಕು? ಬೂಟು ಹಾಕಿಕೊಂಡು ನಿಂತವನ ಕೈಗೆ ಈ ಪಟ್ಟಿ ಬರುವುದೇ ಇಲ್ಲ. ಮುಂದಿನ ಸಾಲಿನ ಕಾಲೇಜು ಹುಡುಗಿ ಇದನ್ನೇ ಕೇಳಿದಳು. ಮೇಷ್ಟ್ರು ಕನ್ನಡಕ ತೆಗೆದರು. ಫ್ರಾಂಜ್ ಯೇಗರ್‌ಸ್ಟೆಟರ್ ಅನ್ನುವ ಆಸ್ಟ್ರಿಯಾದ ರೈತನ ಕಥೆ ಬಂತು. ಮೂರು ಹೆಣ್ಣುಮಕ್ಕಳ ಅಪ್ಪ, ಊರಿನ ಚರ್ಚಿನಲ್ಲಿ ಗಂಟೆ ಬಾರಿಸುವ, ದೀಪ ನೋಡಿಕೊಳ್ಳುವ ಕೆಲಸ. ಹಿಟ್ಲರ್ ಸೈನ್ಯದಲ್ಲಿ ಹೋರಾಡುವುದಿಲ್ಲ ಅಂದ. ಬಿಷಪ್ಪರೇ, ಇದನ್ನು ತೂಗಿ ನೋಡುವುದು ನಿನ್ನ ಕೆಲಸ ಅಲ್ಲಪ್ಪ, ಮನೆಮಂದಿಯನ್ನು ನೋಡು ಅನ್ನುವ ಅರ್ಥದ ಬುದ್ಧಿ ಹೇಳಿ ಕಳಿಸಿದರು. 1943ರ ಆಗಸ್ಟ್ 9ರಂದು ಅವನ ತಲೆ ತೆಗೆದರು. 2007ರಲ್ಲಿ ಅದೇ ಚರ್ಚು ಅವನನ್ನು ಪುನೀತ ಅಂತ ಸಾರಿತು. ಸರಿಯಾಗಿ ಎರಡು ವರ್ಷದ ಮೇಲೆ, 1945ರ ಆಗಸ್ಟ್ 9ಕ್ಕೆ, ನಾಗಸಾಕಿಯಲ್ಲಿ ಕ್ಯಾಥೋಲಿಕರೇ ತುಂಬಿದ್ದ ಉರಕಾಮಿ ಅನ್ನುವ ಕಡೆ ಬಾಂಬ್ ಸಿಡಿದು ಅಲ್ಲಿನ ದೊಡ್ಡ ಚರ್ಚು ನೆಲಸಮ ಆಯಿತು. ಬಾಂಬು ಹೊತ್ತ ವಿಮಾನ ಹೊರಟ ದ್ವೀಪದಲ್ಲಿ ಸೈನಿಕರಿಗೆ ಪೂಜೆ ಕೊಡುತ್ತಿದ್ದ ಕ್ಯಾಥೋಲಿಕ್ ಫಾದರ್ ಇದ್ದರು, ಆಗ ಸುಮ್ಮನಿದ್ದುದಕ್ಕೆ ಅವರು ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಇಷ್ಟು ಹೇಳಿ ಮೇಷ್ಟ್ರು ನೀರು ಕುಡಿದರು.

ನಮ್ಮಲ್ಲಿ ಆ ಬಲವಂತವೂ ಇಲ್ಲ. ಯಾರೂ ಎಳೆದುಕೊಂಡು ಹೋಗುವುದಿಲ್ಲ, ಹುಡುಗರೇ ಓಡಿ ಓಡಿ ಸೇರುತ್ತಾರೆ. ಹಾಗಾಗಿ ಬೇಡ ಅನ್ನುವ ಹಕ್ಕಿನ ಮಾತು ನಮಗೆ ಅಷ್ಟು ತಾಗುವುದಿಲ್ಲ, ತಾನಾಗಿ ಹೋದವನ ಮನಸ್ಸಿನ ಮಾತು ತಾಗುತ್ತದೆ. ನೋಟ್ಸಿನಲ್ಲಿ ಆಲ್ಬರ್ಟ್ ಎಕ್ಕ ಅವರ ಫೋಟೋ ಇತ್ತು. 1971ರ ಡಿಸೆಂಬರ್ 3ರಂದು ಈಗಿನ ಬಾಂಗ್ಲಾದೇಶದ ಗಂಗಾಸಾಗರದಲ್ಲಿ ಹೋರಾಡಿ ಸತ್ತು ಪರಮವೀರ ಚಕ್ರ ಪಡೆದ ಕ್ರೈಸ್ತ ಆದಿವಾಸಿ ಸೈನಿಕ. ಜೆರಾಕ್ಸ್‌ನಲ್ಲಿ ಫೋಟೋ ಪೂರ್ತಿ ಕಪ್ಪಾಗಿ, ಟೋಪಿ ಯಾವುದು ಮುಖ ಯಾವುದು ಗೊತ್ತಾಗುತ್ತಿರಲಿಲ್ಲ.

ಅದೇ ದಿನ ಕೊನೆಗೆ ನಾನು ಎದ್ದು ನಿಂತು, ಸಾರ್, 14ನೇ ಪುಟ ಇಲ್ಲ ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ತಮ್ಮ ಪ್ರತಿ ತಿರುವಿ ನೋಡಿ, ಅಯ್ಯೋ ಅಂದು, ಬಾಯಲ್ಲೇ ಹೇಳಿದರು. ಹತ್ತು ನಿಮಿಷ. ನಾಲ್ಕು ವಾರದಲ್ಲಿ ಅಷ್ಟು ಒಳ್ಳೆಯ ಹತ್ತು ನಿಮಿಷ ಇನ್ನೊಂದಿಲ್ಲ.

ಬೆಸಿಲ್ ನಾಲ್ಕನೇ ಶತಮಾನದವರು, ಈಗಿನ ಟರ್ಕಿಯಲ್ಲಿರುವ ಕೈಸರಿಯಾದ ಬಿಷಪ್. ಅವರು ಬರೆದದ್ದು ಹೀಗೆ. ಯುದ್ಧದಲ್ಲಿ ಕೊಲ್ಲುವುದನ್ನು ಹಿಂದಿನವರು ಕೊಲೆ ಅಂತ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಆದರೂ ಅವರ ಕೈ ಶುದ್ಧ ಇಲ್ಲ, ಮೂರು ವರ್ಷ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಬಿಟ್ಟಿರುವುದು ಒಳ್ಳೆಯದೇನೋ. ಆಜ್ಞೆ ಅಲ್ಲ, ಸಲಹೆ. ಹೋಗಬೇಡ ಅನ್ನಲಿಲ್ಲ, ಪಾಪಿ ಅನ್ನಲಿಲ್ಲ, ಶಭಾಷ್ ಅಂತಲೂ ಅನ್ನಲಿಲ್ಲ. ಆರು ನೂರು ವರ್ಷ ಆದಮೇಲೆ ನಿಕೆಫೊರಸ್ ಫೋಕಾಸ್ ಅನ್ನುವ ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ, ಯುದ್ಧದಲ್ಲಿ ಸತ್ತ ನನ್ನ ಸೈನಿಕರನ್ನು ಹುತಾತ್ಮ ಸಂತರು ಅಂತ ಸಾರಿ ಅಂತ ಚರ್ಚನ್ನು ಕೇಳಿದ. ಅವರು ಇದೇ ಬೆಸಿಲ್ ಮಾತು ಮುಂದಿಟ್ಟು, ಆಗಲ್ಲ ಸ್ವಾಮಿ ಅಂದರು. ಇನ್ನೊಂದು, 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ಸೈನಿಕರಿಗೆ ಅವರದೇ ಬಿಷಪ್ಪರು ಪ್ರಾಯಶ್ಚಿತ್ತ ಹಾಕಿದರು. ಕೊಂದ ಒಬ್ಬೊಬ್ಬನಿಗೆ ಒಂದೊಂದು ವರ್ಷ. ಎಷ್ಟು ಜನರನ್ನು ಕೊಂದೆ ಅಂತ ಗೊತ್ತಿಲ್ಲದವನಿಗೆ ಬದುಕಿರುವವರೆಗೆ ವಾರಕ್ಕೊಂದು ದಿನ. ಗೆದ್ದವರಿಗೆ!

ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು. 'ಎಷ್ಟು ವರ್ಷ ಅಂದ್ರಿ ಸಾರ್?'

ಅವರು ರಿಟೈರ್ಡ್ ಹವಾಲ್ದಾರ್. ಕಾರ್ಗಿಲ್ ಹೊತ್ತಿನಲ್ಲಿ ಮೇಲೆ ಇದ್ದವರು. ಮೂರು ವಾರದಲ್ಲಿ ಅವರು ಬಾಯಿ ಬಿಟ್ಟದ್ದು ಅದೇ ಮೊದಲು. ನಮ್ಮ ಚರ್ಚಿನವರೇ. ಭಾನುವಾರ ತಪ್ಪದೆ ಬರುತ್ತಾರೆ, ಕೊನೇ ಬೆಂಚಿನ ಗೋಡೆ ಪಕ್ಕ ಕೂರುತ್ತಾರೆ, ಎಲ್ಲರೂ ಪ್ರಸಾದಕ್ಕೆ ಸಾಲು ನಿಂತಾಗ ಕಾಲು ಒಳಕ್ಕೆ ಎಳೆದು ಪಕ್ಕದವರಿಗೆ ದಾರಿ ಬಿಟ್ಟು ಹಾಗೇ ಕೂತಿರುತ್ತಾರೆ. ಚರ್ಚು ಒಪ್ಪದ ಮದುವೆ ತಕರಾರು ಏನೋ ಇರಬೇಕು, ಅದಕ್ಕೇ ಪ್ರಸಾದ ತೆಗೆದುಕೊಳ್ಳುವುದಿಲ್ಲ ಅಂತ ನಾವು ಮಾತಾಡಿಕೊಂಡಿದ್ದು ಉಂಟು, ನಾನೂ ಅಂದಿದ್ದೇನೆ. ಮೇಷ್ಟ್ರು 'ಮೂರು' ಅಂದರು. ಅವರು ತಲೆ ಆಡಿಸಿ ಸುಮ್ಮನಾದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹತ್ತಿರ ಬಂದು, 'ಆ ಪುಟ ನಿಮಗೆ ಸಿಕ್ಕರೆ ನಂಗೊಂದು ಜೆರಾಕ್ಸ್ ಮಾಡಿಸಿಕೊಡಪ್ಪಾ' ಅಂದರು.

ನಾಲ್ಕನೇ ವಾರ ಮೇಷ್ಟ್ರು ಶುರು ಮಾಡಿದ್ದು ಬೈಬಲ್ಲಿನಿಂದ ಅಲ್ಲ, ಶ್ರವಣಬೆಳಗೊಳದಿಂದ. ಚಾವುಂಡರಾಯ ಯಾರು ಅಂತ ಕೇಳಿದರು. ಗೊಮ್ಮಟನನ್ನು ಕೆತ್ತಿಸಿದವನು, 981, ಎಲ್ಲರೂ ಕೂಗಿದೆವು. ಸರಿ, ಅವನ ಕೆಲಸ ಏನು? ಒಬ್ಬರೂ ಇಲ್ಲ. ಗಂಗರ ಸೇನಾಪತಿ ಕಣ್ರೀ ಅಂದರು. ಅಹಿಂಸೆಯೇ ಧರ್ಮ ಅನ್ನುವ ಜೈನ, ಯುದ್ಧ ಗೆದ್ದು ಗೆದ್ದು ಬಿರುದು ತೆಗೆದುಕೊಂಡವನು, ಅವನು ನಿಲ್ಲಿಸಿದ್ದು ಯಾರನ್ನು? ಅಣ್ಣನ ಮೇಲೆ ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದವನನ್ನು. ಅದೂ ಎರಡು ಸೈನ್ಯದ ಜನ ಸಾಯುವುದು ಬೇಡ ಅಂತ ಅಣ್ಣತಮ್ಮ ಇಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿಕೊಂಡ ಕಥೆ. ತಾಯಿಯ ಆಸೆಗೆ ಮಾಡಿಸಿದ ಅಂತ ಹೇಳುತ್ತಾರೆ, ಅವನ ಮನಸ್ಸಿನಲ್ಲಿ ಏನಿತ್ತೋ ನಾವು ಹೇಳುವ ಹಾಗಿಲ್ಲ ಅಂತಲೂ ಸೇರಿಸಿದರು. ಆಮೇಲೆ ಜೈನರ ಒಂದು ಲೆಕ್ಕ ಹೇಳಿದರು. ಬೇಕೆಂದೇ ಮಾಡುವ ಸಂಕಲ್ಪ ಹಿಂಸೆಯನ್ನು ಸಂಸಾರಿ ಬಿಡಲೇಬೇಕು, ಎದುರು ಬಿದ್ದವನನ್ನು ತಡೆಯಲು ಮಾಡುವ ವಿರೋಧಿ ಹಿಂಸೆಯನ್ನು ಪೂರ್ತಿ ಬಿಡಲಾಗದಿದ್ದರೆ ಅವನಿಗೆ ಒಂದಿಷ್ಟು ವಿನಾಯಿತಿ ಇದೆ. ಆದರೆ ಗಮನಿಸಿ, ಅದರ ಹೆಸರು ಹಿಂಸೆಯೇ.

ಆ ಮಾತು ನನಗೆ ಸರಿಯಾಗಿ ಕೂತುಕೊಂಡಿತು. ನಮ್ಮ ಜಿಲ್ಲೆಯಲ್ಲಿ ಎಷ್ಟೊಂದು ಕಡೆ ವೀರಗಲ್ಲು ನಿಂತಿವೆ, ಕೆಳಗೆ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಸತ್ತವನಿಗೆ ಅದು ಚೆಂದ. ಕೊಂದು ಬದುಕಿ ವಾಪಸ್ ಬಂದು, ಪಿಂಚಣಿ ತೆಗೆದುಕೊಂಡು, ಸಂತೇಪೇಟೆಯಲ್ಲಿ ಸೊಪ್ಪು ಕೊಳ್ಳುವವನಿಗೆ ಯಾವ ಕಲ್ಲು ಇದೆ? ಬೆಸಿಲ್ ಯೋಚಿಸಿದ್ದು ಅವನ ಬಗ್ಗೆ. ನಂಬಿಕೆ ಇಟ್ಟುಕೊಂಡು ಯುದ್ಧಕ್ಕೆ ಹೋಗಬಹುದಾ ಅಂದರೆ, ಈ ಕೋರ್ಸ್ ಆದಮೇಲೆ, ಹೋಗಬಹುದು ಅಂತಲೇ ನನಗೆ ಅನ್ನಿಸುತ್ತದೆ, ಯಾಕಂದ್ರೆ ಪಕ್ಕದ ಮನೆಯವರನ್ನು ಕಡಿಯುತ್ತಿದ್ದರೆ ನಾನು ಕೈಕಟ್ಟಿ ಜಪ ಮಾಡುತ್ತಾ ಕೂರಲಾರೆ. ಹೋದದ್ದನ್ನು ಪುಣ್ಯದ ಕೆಲಸ ಅಂತ ಕರೆಯಲು ಮಾತ್ರ ನನಗೆ ಬಾಯಿ ಬರುವುದಿಲ್ಲ. ಯುದ್ಧ ಬೇಡವೇ ಬೇಡ ಅನ್ನುವ ಕ್ರೈಸ್ತ ಪಂಗಡದವರು, ಮೆನ್ನೊನೈಟರು, ಕ್ವೇಕರ್‌ಗಳು, ನೂರಾರು ವರ್ಷದಿಂದ ಜೈಲಿಗೆ ಹೋಗಿ ಆ ಮಾತು ಉಳಿಸಿಕೊಂಡವರು. ಅವರ ಬಗ್ಗೆ ಒಂದು ಪೂರ್ತಿ ಭಾನುವಾರ ಇಡಬೇಕಿತ್ತು, ಕಾಲು ಗಂಟೆಯಲ್ಲಿ ಮುಗಿಸಿದರು. ಆ ಕಾಲು ಗಂಟೆಯಲ್ಲೇ ಡೆಸ್ಮಂಡ್ ಡಾಸ್ ಬಂದು ಹೋದ, 1945ರಲ್ಲಿ ಓಕಿನಾವದಲ್ಲಿ ಕೈಯಲ್ಲಿ ಬಂದೂಕು ಹಿಡಿಯದೆ ಸುಮಾರು 75 ಗಾಯಾಳುಗಳನ್ನು ಕಡಿದಾದ ಬಂಡೆಯ ಮೇಲಿಂದ ಇಳಿಸಿ ಉಳಿಸಿದ ಅಮೆರಿಕದ ಸೈನಿಕ. ಅಕ್ಕನಿಗೆ ಹೇಳಲು ಇದೇ ಚೆನ್ನಾಗಿತ್ತು ಅಂತ ಗುರುತು ಹಾಕಿಕೊಂಡೆ.

ಹೇಳಿದೆ ಕೂಡ. ಅವಳು ಕೇಳಿಸಿಕೊಂಡು, 'ನಮ್ಮ ಹುಡುಗನಿಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ ಕಣೋ, ಅವನೆಲ್ಲಿ ಗಾಯಾಳು ಎತ್ತುತ್ತಾನೆ' ಅಂದಳು. ಆಮೇಲೆ ಮಾಕ್ಸಿಮಿಲಿಯನ್ ಬಿಟ್ಟು ಬೆಸಿಲ್ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾದ್ರೆ ವಾಪಸ್ ಬಂದ ಮೇಲೂ ಕೆಲಸ ಇದೆ ಅನ್ನು' ಅಂದಳು. ಹುಡುಗ ಹೋದ ವಾರ ಟ್ರೇನಿಂಗ್‌ಗೆ ಹೊರಟ. ರೈಲ್ವೆ ಸ್ಟೇಷನ್ನಿನಲ್ಲಿ, ನಾಲ್ಕು ವರ್ಷ ಅಷ್ಟೇ ಮಾವ, ನೂರಕ್ಕೆ ಇಪ್ಪತ್ತೈದು ಜನರನ್ನು ಮಾತ್ರ ಇಟ್ಕೊಳ್ತಾರೆ ಅಂತ ನನಗೇ ಸಮಾಧಾನ ಹೇಳಿದ.

14ನೇ ಪುಟದ ಮೂಲ ಪ್ರತಿ ಕೊನೇ ದಿನ ಮೇಷ್ಟ್ರು ತಂದುಕೊಟ್ಟರು. ಭಾನುವಾರ ಸಂಜೆ ಅಂಗಡಿ ಮುಚ್ಚಿದ್ದರಿಂದ ಮಾರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರ ಮೂವತ್ತು ಪ್ರತಿ ಮಾಡಿಸಿದೆ. ಅರವತ್ತು ರೂಪಾಯಿ ಆಯಿತು, ಅದನ್ನು ಇನ್ನೂ ಯಾರೂ ಕೊಟ್ಟಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಹವಾಲ್ದಾರರಿಗೆ ಒಂದು ಕೊಟ್ಟೆ. ಗೇಟಿನ ಹತ್ತಿರವೇ ನಿಂತು, ಕಾಗದವನ್ನು ದೂರ ಹಿಡಿದು, ಎರಡು ಸಲ ಓದಿದರು. ನಾಲ್ಕು ಮಡಿಕೆ ಮಾಡಿ ಷರ್ಟಿನ ಜೇಬಿಗೆ ಹಾಕಿಕೊಂಡು, 'ಮೂರೇ ವರ್ಷನಾ' ಅಂದರು. ಸ್ಕೂಟರ್ ಹತ್ತಿ ಹೊರಟರು.

ಮುಂದಿನ ಬ್ಯಾಚ್ ಕ್ರಿಸ್‌ಮಸ್ ಆದಮೇಲೆ ಅಂತ ಕೇಳಿದೆ. 300 ರೂಪಾಯಿಗೆ ಮೋಸ ಇಲ್ಲ, ಹೋಗಿ. ಫ್ಲಾಸ್ಕಿನಲ್ಲಿ ಕಾಫಿ ಮನೆಯಿಂದಲೇ ತೆಗೆದುಕೊಂಡು ಹೋಗಿ, ಮಳೆ ಬಂದರೆ ಮುಂದಿನ ಸಾಲಿಗೆ ಓಡಿ. ನೋಟ್ಸು ಕೈಗೆ ಕೊಟ್ಟ ತಕ್ಷಣ ಅಲ್ಲೇ ನಿಂತು ಪುಟ ಎಣಿಸಿ, ಮೂವತ್ತೆರಡು ಇರಬೇಕು.